ಚುಕ್ಕೆಯಿಂದ ಗೆರೆಗೆ: ತಣ್ಣಗಾಗುವ ನೀರಿನ ಗ್ರಾಫ್ ಕಟ್ಟಿದ ಬಗೆ

ಕೈಯಲ್ಲಿರುವುದು 16 ರೀಡಿಂಗ್‌ಗಳ ಒಂದು ಕೋಷ್ಟಕ. ಬೀಕರಿನಲ್ಲಿ ಬಿಸಿನೀರು, ಅದರೊಳಗೆ ಥರ್ಮಾಮೀಟರ್, ಪಕ್ಕದಲ್ಲಿ ಸ್ಟಾಪ್‌ವಾಚ್. ಎರಡೆರಡು ನಿಮಿಷಕ್ಕೆ ತಾಪಮಾನ ಓದಿ ಬರೆದಿದ್ದಾರೆ. ನನ್ನ ತರಗತಿಯ ಒಂದು ಗುಂಪು ಮಾಡಿದ ಪ್ರಯೋಗ ಇದು. ಇದರಿಂದ ಒಂದು ಗ್ರಾಫ್ ಕಟ್ಟಿ ಲ್ಯಾಬಿನ ಗೋಡೆಗೆ ಹಾಕಬೇಕು, ವರ್ಷವಿಡೀ ಮಕ್ಕಳಿಗೆ ಮಾದರಿಯಾಗಿ ಇರಬೇಕು. ನೋಡಲು ಚೆಂದ ಇದ್ದರೆ ಸಾಲದು. ಅದರ ಮೇಲೆ ಅಡಿಪಟ್ಟಿ ಇಟ್ಟು ಅಳೆದರೆ ಸರಿಯಾದ ಉತ್ತರ ಬರಬೇಕು. ಹಾಗಾಗಿ ಮಾಡುತ್ತಾ ಹೋದ ಹಾಗೆ ಎಲ್ಲವನ್ನೂ ಬರೆದಿಟ್ಟುಕೊಂಡೆ.

ಗುಂಪು ಕೊಟ್ಟ ರೀಡಿಂಗ್‌ಗಳು ಇವು. ಮೊದಲಿನದು ನಿಮಿಷ, ನಂತರದ್ದು ಡಿಗ್ರಿ ಸೆಲ್ಸಿಯಸ್.

0: 80.0
2: 76.5
4: 74.0
6: 71.5
8: 68.5
10: 66.0
12: 63.5
14: 66.5
16: 59.5
18: 57.0
20: 55.5
22: 54.0
24: 52.5
26: 50.5
28: 49.5
30: 48.0

ಕೋಣೆಯ ತಾಪಮಾನ 26 ಡಿಗ್ರಿ. ಥರ್ಮಾಮೀಟರಿನಲ್ಲಿ ಒಂದೊಂದು ಡಿಗ್ರಿಗೆ ಗೆರೆ ಇದೆ, ಎರಡು ಗೆರೆಯ ನಡುವೆ ಅರ್ಧ ಡಿಗ್ರಿಯನ್ನು ಕಣ್ಣಂದಾಜಿನಲ್ಲಿ ಓದಿದ್ದಾರೆ. ಈ ಅರ್ಧ ಡಿಗ್ರಿಯ ವಿಷಯ ನೆನಪಿರಲಿ, ಮುಂದೆ ತುಂಬಾ ಸಲ ಬರುತ್ತದೆ.

ಯಾವುದು ಅಡ್ಡ, ಯಾವುದು ಉದ್ದ

ಇದು ಬೇಗ ಮುಗಿಯುವ ಕೆಲಸ. ಪ್ರಯೋಗದಲ್ಲಿ ನಾವೇ ತೀರ್ಮಾನ ಮಾಡಿದ್ದು ಯಾವುದು? ಎರಡು ನಿಮಿಷಕ್ಕೊಮ್ಮೆ ಓದೋಣ ಅಂತ ಹೇಳಿದ್ದು ನಾವು. ಆದ್ದರಿಂದ ಸಮಯ ಎಕ್ಸ್ ಅಕ್ಷಕ್ಕೆ. ನೀರು ತಾನಾಗಿ ಕೊಟ್ಟ ಉತ್ತರ ತಾಪಮಾನ, ಅದು ವೈ ಅಕ್ಷಕ್ಕೆ. ಪುಸ್ತಕದಲ್ಲಿ ಸ್ವತಂತ್ರ ಚರ, ಅವಲಂಬಿತ ಚರ ಅಂತ ಇರುವುದೂ ಇದೇ. ಆದರೆ ಮಕ್ಕಳಿಗೆ "ನೀನು ಆರಿಸಿದ್ದು ಕೆಳಗೆ, ಅದು ಕೊಟ್ಟದ್ದು ಪಕ್ಕಕ್ಕೆ" ಅಂದರೆ ತಕ್ಷಣ ಹಿಡಿಸುತ್ತದೆ.

ಇದಕ್ಕೆ ಗೆರೆ ಗ್ರಾಫೇ ಸರಿ ಅನ್ನಲು ಕಾರಣ ಇದೆ. 2ನೇ ನಿಮಿಷಕ್ಕೂ 4ನೇ ನಿಮಿಷಕ್ಕೂ ನಡುವೆ ನೀರಿಗೆ ಒಂದು ತಾಪಮಾನ ಇದ್ದೇ ಇತ್ತು, ನಾವು ಓದಲಿಲ್ಲ ಅಷ್ಟೆ. ಓದದೇ ಬಿಟ್ಟ ಆ ಜಾಗವನ್ನು ತುಂಬುವುದೇ ಗೆರೆಯ ಕೆಲಸ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಮೂರರ ಸಾಂದ್ರತೆ ತೋರಿಸಬೇಕಾದರೆ ಹೀಗೆ ಗೆರೆ ಎಳೆಯಲು ಬರುವುದಿಲ್ಲ. ಕಬ್ಬಿಣಕ್ಕೂ ತಾಮ್ರಕ್ಕೂ ನಡುವೆ ಏನೂ ಇಲ್ಲ. ಅಲ್ಲಿ ಕಂಬದ ನಕ್ಷೆ ಬೇಕು.

ಪ್ರಮಾಣ: ಅರ್ಧ ಕೆಲಸ ಇಲ್ಲೇ

ಪೆನ್ಸಿಲ್ ಮುಟ್ಟುವ ಮೊದಲು ಹಾಳೆ ಅಳೆದೆ. ಗ್ರಾಫಿನ ಭಾಗ 18 ಸೆಂ.ಮೀ. ಅಗಲ, 24 ಸೆಂ.ಮೀ. ಎತ್ತರ. ಪ್ರತಿ ಸೆಂಟಿಮೀಟರಿಗೆ ದಪ್ಪ ಗೆರೆ, ಒಳಗೆ ಮಿಲಿಮೀಟರಿನ ಚಿಕ್ಕ ಚೌಕಗಳು. ಎಡಕ್ಕೆ 2, ಕೆಳಗೆ 2 ಸೆಂ.ಮೀ. ಅಂಕಿ ಮತ್ತು ಹೆಸರು ಬರೆಯಲು ಬಿಟ್ಟರೆ ಉಳಿಯುವುದು 16 ಅಗಲ, 22 ಎತ್ತರ. ಅಕ್ಷಗಳನ್ನು ಹಾಳೆಯ ಅಂಚಿಗೇ ಎಳೆದುಬಿಟ್ಟರೆ ಆಮೇಲೆ ಅಂಕಿ ಬರೆಯಲು ಜಾಗವೇ ಇರುವುದಿಲ್ಲ. ಮಕ್ಕಳ ಹಾಳೆಗಳಲ್ಲಿ ಇದನ್ನು ದಿನವೂ ನೋಡುತ್ತೇನೆ.

ಸಮಯ 0ದಿಂದ 30 ನಿಮಿಷ. 1 ಸೆಂ.ಮೀ.ಗೆ 1 ನಿಮಿಷ ಅಂದರೆ 30 ಸೆಂ.ಮೀ. ಬೇಕು, ಹಿಡಿಸುವುದಿಲ್ಲ. 1 ಸೆಂ.ಮೀ.ಗೆ 5 ನಿಮಿಷ ಅಂದರೆ 6 ಸೆಂ.ಮೀ.ಯಲ್ಲಿ ಮುಗಿದು ಮುದುಡಿ ಕೂರುತ್ತದೆ. 1 ಸೆಂ.ಮೀ.ಗೆ 2 ನಿಮಿಷ ಅಂದರೆ 15 ಸೆಂ.ಮೀ. ಇರುವ 16ರಲ್ಲಿ 15, ಇದಕ್ಕಿಂತ ಚೆನ್ನಾಗಿ ಕೂರುವುದು ಸಿಗುವುದಿಲ್ಲ.

ತಾಪಮಾನದ್ದು ಸ್ವಲ್ಪ ಯೋಚನೆಯ ವಿಷಯ. ರೀಡಿಂಗ್‌ಗಳು 48ರಿಂದ 80. ಸೊನ್ನೆಯಿಂದಲೇ ಶುರು ಮಾಡಿದರೆ 1 ಸೆಂ.ಮೀ.ಗೆ 5 ಡಿಗ್ರಿ ಹಾಕಬೇಕು. ಆಗ ಎತ್ತರ 16 ಸೆಂ.ಮೀ. ಆದರೂ ಚುಕ್ಕೆಗಳೆಲ್ಲ ಮೇಲಿನ ಆರೂವರೆ ಸೆಂಟಿಮೀಟರಿನಲ್ಲಿ ಒತ್ತಿಕೊಂಡಿರುತ್ತವೆ, ಕೆಳಗಿನ ಒಂಬತ್ತೂವರೆ ಖಾಲಿ. ಥರ್ಮಾಮೀಟರಿನ ಅರ್ಧ ಡಿಗ್ರಿ ಹಾಳೆಯ ಮೇಲೆ ಒಂದೇ ಒಂದು ಮಿಲಿಮೀಟರ್ ಆಗುತ್ತದೆ. ಕಷ್ಟಪಟ್ಟು ಓದಿದ ಅರ್ಧ ಡಿಗ್ರಿಯನ್ನು ಪೆನ್ಸಿಲಿನ ಗೆರೆಯೇ ನುಂಗಿಬಿಡುತ್ತದೆ.

40ರಿಂದ ಶುರು ಮಾಡಿದರೆ? 40ರಿಂದ 80, ಒಟ್ಟು 40 ಡಿಗ್ರಿ. 1 ಸೆಂ.ಮೀ.ಗೆ 2 ಡಿಗ್ರಿ. 20 ಸೆಂ.ಮೀ. ಎತ್ತರ, ಇರುವುದು 22. ಒಂದು ಚಿಕ್ಕ ಚೌಕ 0.2 ಡಿಗ್ರಿ, ಅರ್ಧ ಡಿಗ್ರಿ ಎರಡೂವರೆ ಚೌಕ. ಇದು ಸರಿಯಾದ ಅಳತೆ. ಥರ್ಮಾಮೀಟರಿನಲ್ಲಿ ಎಷ್ಟು ಸೂಕ್ಷ್ಮವಾಗಿ ಓದಿದ್ದೀವೋ ಅಷ್ಟನ್ನು ಹಾಳೆಯೂ ತೋರಿಸಬೇಕು.

ಹಾಗಾದರೆ ಸೊನ್ನೆ ಬೇಡವಾ? ಈ ಪ್ರಯೋಗಕ್ಕೆ ಬೇಡ. ನೀರು ಹೇಗೆ ತಣ್ಣಗಾಯಿತು ಅನ್ನುವುದು ಪ್ರಶ್ನೆ, 0 ಡಿಗ್ರಿ ಸೆಲ್ಸಿಯಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ವೈ ಅಕ್ಷದ ಬುಡದಲ್ಲಿ 40 ಅಂತ ಸ್ಪಷ್ಟವಾಗಿ ಬರೆಯಬೇಕು, ಜೊತೆಗೆ ಚಿಕ್ಕದೊಂದು ಅಂಕುಡೊಂಕು ಗುರುತು ಹಾಕಬೇಕು. ನೋಡುವವರಿಗೆ ಇದು ಸೊನ್ನೆಯಿಂದ ಶುರುವಾಗಿಲ್ಲ ಅಂತ ಮೊದಲ ನೋಟಕ್ಕೇ ಗೊತ್ತಾಗಬೇಕು. ಸೊನ್ನೆ ಇರಲೇಬೇಕಾದ ಗ್ರಾಫ್‌ಗಳೂ ಇವೆ, ಅಂಥದ್ದೊಂದನ್ನು ಇದರ ನಂತರ ಕಟ್ಟಿದ್ದೇನೆ.

ಪ್ರಮಾಣದ ಬಗ್ಗೆ ಇನ್ನೊಂದು ಮಾತು. 1, 2, 5 ಅಥವಾ ಇವುಗಳ ಹತ್ತರಷ್ಟು, ನೂರರಷ್ಟು, ಹತ್ತನೇ ಒಂದರಷ್ಟು: ಇಷ್ಟರಲ್ಲೇ ಆರಿಸಬೇಕು. 3 ಅಥವಾ 7 ಹಾಕಬಾರದು. 1 ಸೆಂ.ಮೀ.ಗೆ 3 ಡಿಗ್ರಿ ಅಂತ ಇಟ್ಟುಕೊಂಡು 74 ಡಿಗ್ರಿ ಎಲ್ಲಿ ಬರುತ್ತದೆ ನೋಡಿ. 74ರಲ್ಲಿ 40 ಕಳೆದರೆ 34. ಅದನ್ನು 3ರಿಂದ ಭಾಗಿಸಿದರೆ 11.33 ಸೆಂ.ಮೀ., ಅಂದರೆ 113 ಚೌಕ ಮತ್ತು ಮೇಲೆ ಮೂರನೇ ಒಂದು ಚೌಕ. ಪ್ರತಿ ಚುಕ್ಕೆಗೂ ಹೀಗೆ ಲೆಕ್ಕ ಮಾಡುತ್ತಾ ಕೂತರೆ ಎಲ್ಲೋ ಒಂದು ಕಡೆ ಕೈ ತಪ್ಪೇ ತಪ್ಪುತ್ತದೆ. ನಮ್ಮ ಪ್ರಮಾಣದಲ್ಲಿ ಅದೇ 74 ಸರಿಯಾಗಿ 17 ಸೆಂ.ಮೀ.ಗೆ, ದಪ್ಪ ಗೆರೆಯ ಮೇಲೇ ಬಂದು ಕೂರುತ್ತದೆ.

ಇನ್ನೂ ಒಂದು ಸಂಗತಿ ಮಕ್ಕಳ ಹಾಳೆಗಳಲ್ಲಿ ಜಾಸ್ತಿ ಕಾಣುತ್ತದೆ. ಅಕ್ಷದ ಮೇಲೆ ಸಮನಾದ ಅಂತರ ಇಟ್ಟು, ಅಲ್ಲಿ ಕೋಷ್ಟಕದ ಅಂಕಿಗಳನ್ನೇ ಸಾಲಾಗಿ ಬರೆದುಬಿಡುತ್ತಾರೆ: 80, 76.5, 74, 71.5. ಹಾಗೆ ಮಾಡಿದರೆ ಎಂಥ ಪ್ರಯೋಗ ಮಾಡಿದರೂ ನೇರ ಗೆರೆಯೇ ಬರುತ್ತದೆ, ನೀರು ಏನು ಮಾಡಿತು ಅನ್ನುವುದು ಪೂರ್ತಿ ಮಾಯ. ಅಕ್ಷದ ಮೇಲೆ ಬರೆಯಬೇಕಾದ್ದು ಪ್ರಮಾಣದ ಅಂಕಿಗಳನ್ನು: 40, 44, 48, 52. ರೀಡಿಂಗ್‌ಗಳು ತಮ್ಮ ಜಾಗಕ್ಕೆ ತಾವೇ ಹೋಗಿ ಕೂರುತ್ತವೆ.

ಅಕ್ಷ ಮತ್ತು ಹೆಸರು

ದಪ್ಪ ಗೆರೆಯ ಮೇಲೇ ಅಕ್ಷ ಎಳೆದೆ, ಅಡಿಪಟ್ಟಿ ಇಟ್ಟು ಒಂದೇ ಸಲಕ್ಕೆ. ಎಕ್ಸ್ ಅಕ್ಷದ ಕೆಳಗೆ "ಸಮಯ (ನಿಮಿಷ)", ವೈ ಅಕ್ಷದ ಪಕ್ಕಕ್ಕೆ "ನೀರಿನ ತಾಪಮಾನ (ಡಿಗ್ರಿ ಸೆಲ್ಸಿಯಸ್)". ಏಕಮಾನವನ್ನು ಇಲ್ಲಿ ಒಂದು ಸಲ ಬರೆದರೆ ಸಾಕು, ಪ್ರತಿ ಅಂಕಿಯ ಮುಂದೆ ಬೇಡ. ಮೇಲಿನ ಬಲಮೂಲೆಯಲ್ಲಿ ಪ್ರಮಾಣ. ಗೆರೆ ಎಡದ ಮೇಲಿನಿಂದ ಬಲದ ಕೆಳಕ್ಕೆ ಇಳಿಯುವುದರಿಂದ ಆ ಮೂಲೆ ಖಾಲಿ ಇರುತ್ತದೆ.

ತಲೆಬರಹ: "ಬೀಕರಿನ ಬಿಸಿನೀರು 30 ನಿಮಿಷದಲ್ಲಿ ತಣ್ಣಗಾದ ಬಗೆ, ಕೋಣೆಯ ತಾಪಮಾನ 26 ಡಿಗ್ರಿ ಸೆಲ್ಸಿಯಸ್". ಸುಮ್ನೆ "ತಾಪಮಾನ ಮತ್ತು ಸಮಯದ ಗ್ರಾಫ್" ಅಂತ ಬರೆದರೆ ಅಕ್ಷದಲ್ಲಿ ಇರುವುದನ್ನೇ ಮತ್ತೆ ಹೇಳಿದ ಹಾಗೆ. ಯಾವ ವಸ್ತು, ಯಾವ ಸ್ಥಿತಿ ಅನ್ನುವುದು ತಲೆಬರಹದಲ್ಲಿ ಬರಬೇಕು.

ಚುಕ್ಕೆ ಇಡುವುದು

2ಎಚ್ ಪೆನ್ಸಿಲ್ ತೆಗೆದುಕೊಂಡೆ. ಎಚ್‌ಬಿ ಆದರೂ ನಡೆಯುತ್ತದೆ, ಆದರೆ ಮೊನೆ ಬೇಗ ಮೊಂಡಾಗುತ್ತದೆ. ಮೊಂಡು ಮೊನೆಯ ಚುಕ್ಕೆ ಒಂದು ಮಿಲಿಮೀಟರ್ ಅಗಲ ಆಗಿಬಿಟ್ಟರೆ, ನಮ್ಮ ಪ್ರಮಾಣದಲ್ಲಿ ಅದು 0.2 ಡಿಗ್ರಿ ದಪ್ಪ. ಮೊನೆ ಸದಾ ಚೂಪಾಗಿರಬೇಕು.

ಒಂದು ಚುಕ್ಕೆಯನ್ನು ಪೂರ್ತಿ ಹೇಳುತ್ತೇನೆ. 2ನೇ ನಿಮಿಷ, 76.5 ಡಿಗ್ರಿ. ಸಮಯಕ್ಕೆ: 2 ನಿಮಿಷ ಅಂದರೆ 1 ಸೆಂ.ಮೀ., ಮೊದಲ ದಪ್ಪ ಗೆರೆ. ತಾಪಮಾನಕ್ಕೆ: 76.5ರಲ್ಲಿ 40 ಹೋದರೆ 36.5, ಅದರ ಅರ್ಧ 18.25 ಸೆಂ.ಮೀ. ಅಂದರೆ 76ರ ದಪ್ಪ ಗೆರೆಯಿಂದ ಮೇಲಕ್ಕೆ ಎರಡೂವರೆ ಚಿಕ್ಕ ಚೌಕ. ಅಡಿಪಟ್ಟಿಯನ್ನು 2ನೇ ನಿಮಿಷದ ಗೆರೆಗುಂಟ ನಿಲ್ಲಿಸಿ, 76ರಿಂದ ಮೇಲೆ ಎರಡು ಚೌಕ ಎಣಿಸಿ, ಮೂರನೆಯದರ ನಡುವೆ ಮೊನೆ ಊರಿದೆ. ಆ ಜಾಗದಲ್ಲಿ ಎರಡು ಚಿಕ್ಕ ಗೆರೆ ಒಂದನ್ನೊಂದು ಅಡ್ಡ ಹಾಯುವ ಹಾಗೆ ಗುಣಿಸು ಗುರುತು ಹಾಕಿದೆ. ಗುರುತಿನ ಒಟ್ಟು ಅಗಲ 2 ಮಿ.ಮೀ., ಅಷ್ಟೆ.

ಬರೀ ಚುಕ್ಕೆ ಯಾಕೆ ಬೇಡ? ಮೇಲೆ ಗೆರೆ ಎಳೆದ ಮೇಲೆ ಚುಕ್ಕೆ ಮುಚ್ಚಿಹೋಗುತ್ತದೆ. ಗೆರೆ ಎಷ್ಟು ಹತ್ತಿರ ಹೋಯಿತು, ಎಷ್ಟು ದೂರ ಉಳಿಯಿತು ಅಂತ ಆಮೇಲೆ ಯಾರೂ ನೋಡಲು ಆಗುವುದಿಲ್ಲ. ಗುಣಿಸು ಗುರುತು ಇದ್ದರೆ ಗೆರೆ ದಾಟಿಹೋದರೂ ನಾಲ್ಕು ತುದಿಗಳು ಹೊರಗೆ ಕಾಣುತ್ತವೆ. ಚುಕ್ಕೆ ಇಟ್ಟು ಸುತ್ತ ಸಣ್ಣ ವೃತ್ತ ಹಾಕಿದರೂ ಆಗುತ್ತದೆ. ಉಂಡೆಯಂಥ ದಪ್ಪ ಚುಕ್ಕೆ ಮಾತ್ರ ಬೇಡ.

ಎಲ್ಲಾ ಗುರುತು ಮುಗಿದ ಮೇಲೆ ಹಿಂದಿನಿಂದ ಮುಂದಕ್ಕೆ ತಾಳೆ ನೋಡಿದೆ. ಕೋಷ್ಟಕ ಮುಚ್ಚಿಟ್ಟು, ಹಾಳೆಯಿಂದ ಪ್ರತಿ ಗುರುತನ್ನು ಓದಿ ಬೇರೆ ಕಡೆ ಬರೆದು, ಆಮೇಲೆ ಎರಡನ್ನೂ ಹೋಲಿಸುವುದು. ಕೋಷ್ಟಕ ನೋಡಿಕೊಂಡೇ ತಾಳೆ ನೋಡಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ.

14ನೇ ನಿಮಿಷ

ಇಷ್ಟು ಹೊತ್ತಿಗೆ ಹಾಳೆಯೇ ಒಂದು ವಿಷಯ ಹೇಳಿತು. 15 ಗುರುತುಗಳು ಮೃದುವಾಗಿ ಬಾಗುತ್ತಾ ಕೆಳಗಿಳಿಯುತ್ತಿವೆ. 14ನೇ ನಿಮಿಷದ್ದು ಮಾತ್ರ ಅಕ್ಕಪಕ್ಕದವುಗಳ ಸಾಲಿನಿಂದ ಎರಡೂವರೆ ಸೆಂಟಿಮೀಟರ್ ಮೇಲೆ ನಿಂತಿದೆ. ಕೋಷ್ಟಕದಲ್ಲಿ ಕಣ್ಣಾಡಿಸಿದರೆ 63.5, 66.5, 59.5 ಅನ್ನುವುದು ಸಲೀಸಾಗಿ ದಾಟಿಹೋಗುತ್ತದೆ. ಗ್ರಾಫಿನಲ್ಲಿ ಅಡಗಲು ಸಾಧ್ಯವೇ ಇಲ್ಲ. ಗ್ರಾಫ್ ಬರೆಯುವುದಕ್ಕೆ ಇದೊಂದೇ ಕಾರಣ ಸಾಕು ಅನ್ನಿಸುತ್ತದೆ ನನಗೆ.

ಇದನ್ನು ಏನು ಮಾಡುವುದು? ಒರೆಸಿಹಾಕುವ ಹಾಗಿಲ್ಲ. ಅದು ಓದಿದ ರೀಡಿಂಗ್, ಕೋಷ್ಟಕದಲ್ಲಿ ಇದೆ, ಹಾಳೆಯಲ್ಲೂ ಇರಬೇಕು. 61.5 ಇರಬೇಕಿತ್ತು ಅಂತ ತಿದ್ದುವ ಹಾಗೂ ಇಲ್ಲ, ತಿದ್ದಿದರೆ ಅದು ಕಟ್ಟುಕಥೆ. ಮೊದಲು ಒಂದು ಪ್ರಶ್ನೆ ಕೇಳಬೇಕು: ನಿಜವಾಗಲೂ ಹೀಗೆ ಆಗಿರಲು ಸಾಧ್ಯವಾ? ಕೆಳಗೆ ಉರಿ ಇಲ್ಲ, ಬಿಸಿನೀರು ಸೇರಿಸಿಲ್ಲ. 26 ಡಿಗ್ರಿಯ ಕೋಣೆಯಲ್ಲಿ ಇಟ್ಟ ನೀರು ತಾನಾಗಿ 3 ಡಿಗ್ರಿ ಬಿಸಿಯಾಗಲಾರದು. ಹಾಗಾಗಿ ಇದು ಓದುವಾಗ ಆದ ತಪ್ಪು. ಸರಿಯಾಗಿ 5 ಡಿಗ್ರಿ ವ್ಯತ್ಯಾಸ ಇರುವುದನ್ನು ನೋಡಿದರೆ, 60 ಮತ್ತು 70ರ ನಡುವಿನ ಉದ್ದ ಗೆರೆಯಿಂದ, ಅಂದರೆ 65ರಿಂದ, ಎಣಿಸಲು ಶುರು ಮಾಡಿರಬಹುದು.

ಆ ಗುರುತಿನ ಸುತ್ತ ಒಂದು ವೃತ್ತ ಹಾಕಿ, ಪಕ್ಕದಲ್ಲಿ "ಗೆರೆಗೆ ಸೇರಿಸಿಲ್ಲ, ಮತ್ತೆ ಅಳೆಯಬೇಕು" ಅಂತ ಚಿಕ್ಕದಾಗಿ ಬರೆದೆ. ಒಂದು ವೇಳೆ ಹೀಗಾಗಲು ಭೌತಿಕ ಕಾರಣ ಇದ್ದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. ಕರಗಿದ ಸ್ಟಿಯರಿಕ್ ಆಮ್ಲ ತಣ್ಣಗಾಗುವಾಗ ಸುಮಾರು 69 ಡಿಗ್ರಿಯ ಹತ್ತಿರ ಇಳಿಯುವುದು ನಿಂತು ಗೆರೆ ಮಟ್ಟಸ ಆಗುತ್ತದೆ, ಏಕೆಂದರೆ ಅದು ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಅಲ್ಲಿ "ಇದೇನು ಸರಿಯಾಗಿ ಇಳಿಯುತ್ತಿಲ್ಲ" ಅಂತ ಆ ಗುರುತುಗಳನ್ನು ಬಿಟ್ಟುಬಿಟ್ಟರೆ ಪ್ರಯೋಗದ ಜೀವವೇ ಹೋಯಿತು.

ಗೆರೆ

ಇಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಅಡಿಪಟ್ಟಿ ಇಟ್ಟು ಗುರುತಿನಿಂದ ಗುರುತಿಗೆ ತುಂಡು ಗೆರೆ ಎಳೆಯಬಾರದು. ಹಾಗೆ ಎಳೆದರೆ ಹೇಳಿದಂತಾಗುವುದು ಏನು ಗೊತ್ತಾ? ನೀರು ಸರಿಯಾಗಿ ಎರಡು ನಿಮಿಷ ಒಂದೇ ವೇಗದಲ್ಲಿ ತಣ್ಣಗಾಗಿ, ನಾವು ಥರ್ಮಾಮೀಟರ್ ನೋಡಿದ ಕ್ಷಣದಲ್ಲೇ ಥಟ್ಟನೆ ವೇಗ ಬದಲಾಯಿಸಿತು ಅಂತ. ನಾವು ಯಾವಾಗ ನೋಡುತ್ತೇವೆ ಅಂತ ನೀರಿಗೇನು ಗೊತ್ತು? ಮೊದಲೇ ಪ್ರತಿ ರೀಡಿಂಗಿನಲ್ಲೂ ಅರ್ಧ ಡಿಗ್ರಿಯಷ್ಟು ಆಚೀಚೆ ಇದೆ. ತುಂಡು ಗೆರೆ ಆ ಆಚೀಚೆಯನ್ನೂ ನಿಜ ಅಂತ ತೋರಿಸುತ್ತದೆ.

ಬೇಕಾದ್ದು ಒಂದೇ ನಯವಾದ ಗೆರೆ, ಗುರುತುಗಳ ನಡುವಿನಿಂದ ಹಾಯುವಂಥದ್ದು. ಕೆಲವು ಸ್ವಲ್ಪ ಮೇಲೆ, ಕೆಲವು ಸ್ವಲ್ಪ ಕೆಳಗೆ, ಎರಡೂ ಕಡೆ ಹೆಚ್ಚುಕಡಿಮೆ ಸಮ. ಮೇಲಿನವೆಲ್ಲ ಒಂದು ತುದಿಯಲ್ಲಿ, ಕೆಳಗಿನವೆಲ್ಲ ಇನ್ನೊಂದು ತುದಿಯಲ್ಲಿ ಗುಂಪಾದರೆ ಗೆರೆ ಓರೆಯಾಗಿದೆ ಅಂತ ಅರ್ಥ.

ಕೈಯಲ್ಲಿ ಎಳೆಯುವ ಗುಟ್ಟು ಇರುವುದು ಮಣಿಕಟ್ಟಿನಲ್ಲಿ. ಮಣಿಕಟ್ಟು ಗೆರೆಯ ಒಳಬಾಗಿನ ಕಡೆ ಇದ್ದರೆ ಕೈ ತಾನಾಗಿ ಆ ಬಾಗಿಗೆ ತಿರುಗುತ್ತದೆ. ಈ ಗೆರೆಯ ಒಳಬಾಗು ಹಾಳೆಯ ಮೇಲಿನ ಬಲಕ್ಕಿದೆ. ನನ್ನದು ಬಲಗೈ, ಹಾಗಾಗಿ ಹಾಳೆಯನ್ನು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಿಕೊಂಡೆ. ಮೊದಲು ಪೆನ್ಸಿಲ್ ಹಾಳೆಗೆ ತಾಗಿಸದೆ ಗಾಳಿಯಲ್ಲೇ ಆಡಿಸಿ ಕೈಗೆ ದಾರಿ ಕಲಿಸಿದೆ. ಆಮೇಲೆ ತೀರಾ ತೆಳುವಾಗಿ ಒಂದು ಗೆರೆ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆಯ ಉದ್ದಕ್ಕೂ ನೋಡಿದರೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅಂತ ಕೂಡಲೇ ಕಾಣುತ್ತದೆ. ತಿದ್ದಿ, ಕೊನೆಗೆ ಒಂದೇ ಓಟದಲ್ಲಿ ಗಟ್ಟಿ ಗೆರೆ ಎಳೆದೆ. ಬಗ್ಗುವ ಅಡಿಪಟ್ಟಿ ಇದ್ದರೆ ಅದನ್ನೂ ಬಳಸಬಹುದು.

6ನೇ ನಿಮಿಷದ ಗುರುತು ಗೆರೆಗಿಂತ 2 ಮಿ.ಮೀ. ಮೇಲೆ ಉಳಿಯಿತು, 18ನೇ ನಿಮಿಷದ್ದು ಎರಡೂವರೆ ಮಿ.ಮೀ. ಕೆಳಗೆ. ಅಂದರೆ ಹೆಚ್ಚೆಂದರೆ ಅರ್ಧ ಡಿಗ್ರಿ. ಥರ್ಮಾಮೀಟರ್ ಓದುವುದರಲ್ಲಿ ಇಷ್ಟು ಬಂದೇ ಬರುತ್ತದೆ, ಆದ್ದರಿಂದ ಗೆರೆ ಅಲ್ಲಿಗೆ ಹೋಗಬೇಕಾಗಿಲ್ಲ. ಗೆರೆಯನ್ನು 30ನೇ ನಿಮಿಷಕ್ಕೆ ನಿಲ್ಲಿಸಿದೆ. ಅದರಾಚೆ ನಾವು ನೋಡಿಲ್ಲ. ಮುಂದಕ್ಕೆ ಊಹಿಸಿ ತೋರಿಸಲೇಬೇಕಾದರೆ ಬಿಟ್ಟು ಬಿಟ್ಟು ಎಳೆದ ಗೆರೆಯಲ್ಲಿ ತೋರಿಸಬೇಕು.

ಗ್ರಾಫನ್ನು ಕೆಲಸಕ್ಕೆ ಹಚ್ಚಿದ್ದು

ಮೊದಲ ಪರೀಕ್ಷೆ: 15ನೇ ನಿಮಿಷದಲ್ಲಿ ಎಷ್ಟಿತ್ತು? ಆ ಹೊತ್ತಿನ ರೀಡಿಂಗೇ ಇಲ್ಲ. ಏಳೂವರೆ ಸೆಂಟಿಮೀಟರಿನಿಂದ ಮೇಲಕ್ಕೆ ಹೋಗಿ ಗೆರೆ ಮುಟ್ಟಿ, ಅಲ್ಲಿಂದ ಎಡಕ್ಕೆ ಹೋದರೆ 60.4. ಥರ್ಮಾಮೀಟರ್ ಅರ್ಧ ಡಿಗ್ರಿಯದ್ದು, ಹಾಗಾಗಿ ಬರೆದದ್ದು 60.5. ಎರಡನೆಯದು: 70 ಡಿಗ್ರಿ ಯಾವಾಗ ಆಯಿತು? ಗೆರೆ 70ನ್ನು ದಾಟುವುದು ಎಡದಿಂದ 34 ಚಿಕ್ಕ ಚೌಕದ ಹತ್ತಿರ, ಅಂದರೆ 6.8 ನಿಮಿಷ. ಹಾಳೆಯ ಮೇಲೆ ಈ ಎರಡು ದಾರಿಗಳನ್ನೂ ಬಿಟ್ಟು ಬಿಟ್ಟು ಎಳೆದ ತೆಳು ಗೆರೆಯಲ್ಲಿ ಉಳಿಸಿದ್ದೇನೆ, ಉತ್ತರ ಎಲ್ಲಿಂದ ಬಂತು ಅಂತ ಮಕ್ಕಳು ನೋಡಲಿ ಅಂತ.

ಮೂರನೆಯದು ಎಲ್ಲಕ್ಕಿಂತ ಒಳ್ಳೆಯದು. 10ನೇ ನಿಮಿಷದಲ್ಲಿ ನೀರು ಎಷ್ಟು ವೇಗವಾಗಿ ತಣ್ಣಗಾಗುತ್ತಿತ್ತು? ಅದಕ್ಕೆ ಆ ಜಾಗದಲ್ಲಿ ಗೆರೆಗೆ ಸ್ಪರ್ಶಕ ಎಳೆಯಬೇಕು, ಅಂದರೆ ಅಲ್ಲಿ ಗೆರೆಯನ್ನು ಮುಟ್ಟಿ ಅದರದೇ ಓರೆಯಲ್ಲಿ ಹೋಗುವ ನೇರ ಗೆರೆ. ಕಣ್ಣಂದಾಜಿಗೆ ಎಳೆದರೆ ಒಬ್ಬೊಬ್ಬರದ್ದು ಒಂದೊಂದು ಓರೆ. ಚಿಕ್ಕ ಸಮತಲ ಕನ್ನಡಿ ಇದ್ದರೆ ಕೆಲಸ ಸುಲಭ. ಕನ್ನಡಿಯನ್ನು ಗೆರೆಗೆ ಅಡ್ಡಲಾಗಿ, ಹಾಳೆಯ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಕನ್ನಡಿಯೊಳಗೆ ಗೆರೆಯ ಪ್ರತಿಬಿಂಬ ಕಾಣುತ್ತದೆ. ಕನ್ನಡಿ ಸ್ವಲ್ಪ ಓರೆಯಿದ್ದರೂ ಗೆರೆ ಮತ್ತು ಅದರ ಪ್ರತಿಬಿಂಬ ಸೇರುವ ಕಡೆ ಮುರಿದ ಹಾಗೆ ಮೂಲೆ ಕಾಣುತ್ತದೆ. ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದು ಕಡೆ ಆ ಮೂಲೆ ಮಾಯವಾಗಿ, ಗೆರೆ ಕನ್ನಡಿಯೊಳಗೆ ಹಾಗೇ ಮುಂದುವರಿದಂತೆ ಕಾಣುತ್ತದೆ. ಅಲ್ಲಿ ನಿಲ್ಲಿಸಿ ಕನ್ನಡಿಯ ಬುಡಕ್ಕೆ ಗೆರೆ ಎಳೆಯಬೇಕು. ಅದು ಲಂಬ. ಅದಕ್ಕೆ ಕೋನಮಾಪಕದಿಂದ 90 ಡಿಗ್ರಿಗೆ ಎಳೆದದ್ದು ಸ್ಪರ್ಶಕ. ಮಕ್ಕಳಿಗೆ ಇದನ್ನು ತೋರಿಸಿದರೆ ಕನ್ನಡಿ ಕೈಬಿಡುವುದೇ ಇಲ್ಲ.

ನನ್ನ ಸ್ಪರ್ಶಕ 0 ನಿಮಿಷದಲ್ಲಿ 78 ಡಿಗ್ರಿಯನ್ನೂ, 25ನೇ ನಿಮಿಷದಲ್ಲಿ 48 ಡಿಗ್ರಿಯನ್ನೂ ದಾಟಿತು. 25 ನಿಮಿಷಕ್ಕೆ 30 ಡಿಗ್ರಿ, ಅಂದರೆ ನಿಮಿಷಕ್ಕೆ 1.2 ಡಿಗ್ರಿ. ಇಳಿಜಾರು ಲೆಕ್ಕ ಮಾಡುವಾಗ ತ್ರಿಕೋನ ಎಷ್ಟು ದೊಡ್ಡದಿರುತ್ತದೋ ಅಷ್ಟು ಒಳ್ಳೆಯದು. ಓದುವಾಗ ಒಂದು ಚೌಕ ತಪ್ಪಿದರೂ 30 ಡಿಗ್ರಿಯಲ್ಲಿ 0.2 ಏನೂ ಅಲ್ಲ. ಅದೇ ತ್ರಿಕೋನ 2 ಡಿಗ್ರಿಯದ್ದಾಗಿದ್ದರೆ ನೂರಕ್ಕೆ ಹತ್ತು ತಪ್ಪು.

20ನೇ ನಿಮಿಷದಲ್ಲೂ ಹಾಗೇ ಎಳೆದೆ. 5ನೇ ನಿಮಿಷದಲ್ಲಿ 69, 30ನೇ ನಿಮಿಷದಲ್ಲಿ 47. ಇಳಿಜಾರು 22ನ್ನು 25ರಿಂದ ಭಾಗಿಸಿ 0.88.

ಈಗ ಎರಡನ್ನೂ ಕೋಣೆಯ ತಾಪಮಾನದ ಜೊತೆ ಇಟ್ಟು ನೋಡಿ. 10ನೇ ನಿಮಿಷದಲ್ಲಿ ನೀರು ಕೋಣೆಗಿಂತ 40 ಡಿಗ್ರಿ ಬಿಸಿ, ವೇಗ 1.2. 20ನೇ ನಿಮಿಷದಲ್ಲಿ ಗೆರೆಯ ಪ್ರಕಾರ 55.6, ಕೋಣೆಗಿಂತ 29.6 ಹೆಚ್ಚು, ವೇಗ 0.88. ಭಾಗಿಸಿದರೆ ಎರಡೂ ಕಡೆ 0.03! ವಸ್ತು ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿಯೋ ಅದಕ್ಕೆ ತಕ್ಕ ವೇಗದಲ್ಲಿ ತಣ್ಣಗಾಗುತ್ತದೆ ಅನ್ನುವ ವಿಚಾರವನ್ನು ನ್ಯೂಟನ್ 1701ರಲ್ಲಿ ತಮ್ಮ ಹೆಸರು ಹಾಕದೆ ಪ್ರಕಟಿಸಿದ್ದರು. ಅದೇ ನಿಯಮ ಒಂದು ಬೀಕರ್ ನೀರು, ಒಂದು ಪೆನ್ಸಿಲ್, ಒಂದು ಕನ್ನಡಿಯಿಂದ ನಮ್ಮ ಹಾಳೆಯ ಮೇಲೆ ಬಂತು. ತುಂಡು ಗೆರೆಯ ಗ್ರಾಫಿನಿಂದ ಇದನ್ನು ತೆಗೆಯಲು ಆಗುತ್ತಲೇ ಇರಲಿಲ್ಲ. ಮುರಿದ ಮೂಲೆಗೆ ಸ್ಪರ್ಶಕ ಎಲ್ಲಿಂದ ಎಳೆಯುವುದು?

ಎರಡನೇ ಹಾಳೆ: ಲೋಲಕ

ಪಕ್ಕದಲ್ಲಿ ಹಾಕಲು ನೇರ ಗೆರೆಯ ಗ್ರಾಫೂ ಒಂದು ಬೇಕಿತ್ತು. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ ಸರಳ ಲೋಲಕ ಆರಿಸಿಕೊಂಡೆ. ಉದ್ದ 20, 40, 60, 80, 100 ಸೆಂ.ಮೀ. 20 ಆಂದೋಲನಕ್ಕೆ ಹಿಡಿದ ಸಮಯ 18.1, 25.3, 31.2, 35.8, 40.2 ಸೆಕೆಂಡ್. 20ರಿಂದ ಭಾಗಿಸಿದರೆ ಒಂದರ ಅವಧಿ.

ಉದ್ದಕ್ಕೆ ಎದುರಾಗಿ ಅವಧಿಯನ್ನು ಹಾಕಿದರೆ ಬಾಗಿದ ಗೆರೆ ಬರುತ್ತದೆ. ಬಾಗಿದ ಗೆರೆ ಯಾವ ಜಾತಿಯದ್ದು ಅಂತ ಕಣ್ಣಿಗೆ ಹೇಳಲು ಬರುವುದಿಲ್ಲ. ನೇರ ಇದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಕಣ್ಣು ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಅವಧಿಯ ವರ್ಗವನ್ನು ಹಾಕಿದೆ: 0.82, 1.60, 2.43, 3.20, 4.04. ಗುರುತುಗಳು ಅಡಿಪಟ್ಟಿಯ ಅಂಚಿಗೆ ಬಂದು ನಿಂತವು.

ಇಲ್ಲಿ ಎರಡೂ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು. ಅವಧಿಯ ವರ್ಗ ಉದ್ದಕ್ಕೆ ತಕ್ಕ ಪ್ರಮಾಣದಲ್ಲಿ ಹೆಚ್ಚುತ್ತದಾ ಅನ್ನುವುದೇ ಪ್ರಶ್ನೆ. ಅದಕ್ಕೆ ಗೆರೆ ಮೂಲಬಿಂದುವಿಗೆ, ಅಂದರೆ ಎರಡೂ ಅಕ್ಷದ ಸೊನ್ನೆ ಸೇರುವ ಕಡೆಗೆ, ಹೋಗುತ್ತದಾ ಅಂತ ನೋಡಬೇಕು. ಪ್ರಮಾಣ: ಅಡ್ಡಕ್ಕೆ 1 ಸೆಂ.ಮೀ.ಗೆ 0.1 ಮೀಟರ್, ಎತ್ತರಕ್ಕೆ 1 ಸೆಂ.ಮೀ.ಗೆ 0.2 ಸೆಕೆಂಡ್ ವರ್ಗ.

ಪಾರದರ್ಶಕ ಅಡಿಪಟ್ಟಿ ಇಟ್ಟು ಎಳೆದೆ. ಅದರಡಿಯಲ್ಲಿ ಎರಡೂ ಕಡೆಯ ಗುರುತು ಕಾಣುತ್ತವೆ, ಆದ್ದರಿಂದ ಸಮತೋಲ ನೋಡುವುದು ಸುಲಭ. ಇಳಿಜಾರಿಗೆ ರೀಡಿಂಗ್ ಗುರುತುಗಳನ್ನು ತೆಗೆದುಕೊಳ್ಳಲಿಲ್ಲ, ಗೆರೆಯ ಮೇಲೇ ದೂರದೂರದ ಎರಡು ಜಾಗ ಆರಿಸಿದೆ: 0.10 ಮೀಟರಿಗೆ 0.40, 0.95 ಮೀಟರಿಗೆ 3.82. ಗುರುತುಗಳನ್ನೇ ತೆಗೆದುಕೊಂಡರೆ ಗೆರೆ ಎಳೆದದ್ದೇ ವ್ಯರ್ಥ, ಅಲ್ವಾ? ಐದೂ ರೀಡಿಂಗ್ ಸೇರಿ ಹೇಳಿದ್ದನ್ನು ಬಿಟ್ಟು ಮತ್ತೆ ಎರಡರ ಮಾತು ಕೇಳಿದ ಹಾಗಾಗುತ್ತದೆ. 3.42ನ್ನು 0.85ರಿಂದ ಭಾಗಿಸಿದರೆ 4.02. ಲೋಲಕದ ಸೂತ್ರದ ಪ್ರಕಾರ ಪೈ ವರ್ಗದ ನಾಲ್ಕರಷ್ಟು, ಅಂದರೆ 39.48ನ್ನು ಈ ಇಳಿಜಾರಿನಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ 9.82 ಮೀಟರ್ ಪ್ರತಿ ಸೆಕೆಂಡ್ ವರ್ಗ.

ಇನ್ನೊಂದು ಗುಂಪಿನ ರೀಡಿಂಗ್‌ಗಳನ್ನು ಅದೇ ಹಾಳೆಯಲ್ಲಿ ವೃತ್ತದ ಗುರುತಿನಲ್ಲಿ ಹಾಕಿದೆ. ಅವರ ವರ್ಗಗಳು 0.87, 1.67, 2.48, 3.28, 4.10. ಇವೂ ನೇರ ಸಾಲಿನಲ್ಲೇ ಇವೆ. ಆದರೆ ಮಕ್ಕಳು ಗೆರೆಯನ್ನು ಮೂಲಬಿಂದುವಿಗೆ ಎಳೆದುಕೊಂಡು ಹೋಗಿದ್ದರು, "ಉದ್ದ ಸೊನ್ನೆ ಆದರೆ ಅವಧಿಯೂ ಸೊನ್ನೆ" ಅಂತ. ಅವರ ಇಳಿಜಾರು 4.11, ಉತ್ತರ 9.6. ಎಡತುದಿಯ ಗುರುತು ಗೆರೆಯ ಮೇಲೆ, ಬಲತುದಿಯದ್ದು ಕೆಳಗೆ. ಗೆರೆ ಓರೆ ಇದೆ ಅನ್ನಲು ಇಷ್ಟು ಸಾಕು.

ಮೂಲಬಿಂದುವಿನ ಯೋಚನೆ ಬಿಟ್ಟು, ಗುರುತುಗಳು ಹೇಳಿದ ಹಾಗೆ ಎಳೆದೆ. ಗೆರೆ ವೈ ಅಕ್ಷವನ್ನು ಮೂಲಬಿಂದುವಿಗಿಂತ 3 ಚಿಕ್ಕ ಚೌಕ ಮೇಲೆ ದಾಟಿತು. ಹಿಂದಕ್ಕೆ ಬಿಟ್ಟು ಬಿಟ್ಟು ಎಳೆದ ಗೆರೆಯಲ್ಲಿ ಚಾಚಿದರೆ ಎಕ್ಸ್ ಅಕ್ಷವನ್ನು ಸೊನ್ನೆಯ ಎಡಕ್ಕೆ ಒಂದೂವರೆ ಚೌಕದ ಹತ್ತಿರ ಮುಟ್ಟಿತು, ಅಂದರೆ ಲೋಲಕದ ಉದ್ದದಲ್ಲಿ ಒಂದೂವರೆ ಸೆಂಟಿಮೀಟರ್. ಉದ್ದ ಎಲ್ಲಿಂದ ಎಲ್ಲಿಗೆ ಅಳೆದಿರಿ ಅಂತ ಕೇಳಿದೆ. ದಾರದ ತುದಿಯವರೆಗೆ, ಗುಂಡು ಶುರುವಾಗುವ ಕಡೆಗೆ ಅಂದರು. ಲೋಲಕದ ಉದ್ದ ಗುಂಡಿನ ನಡುವಿನವರೆಗೆ ಇರಬೇಕು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅವರೇ ಗುಂಡಿನ ವ್ಯಾಸ ಅಳೆದರು: 3.0 ಸೆಂ.ಮೀ. ಎಲ್ಲಾ ಉದ್ದಗಳಲ್ಲೂ ಒಂದೇ ಸಮನೆ 1.5 ಸೆಂ.ಮೀ. ಕಡಿಮೆ ಇದ್ದುದರಿಂದ ಗೆರೆ ಪೂರ್ತಿಯಾಗಿ ಪಕ್ಕಕ್ಕೆ ಸರಿದಿದೆ, ಅದರ ಓರೆ ಬದಲಾಗಿಲ್ಲ. ಹೊಸ ಗೆರೆಯ ಇಳಿಜಾರು 4.03, ಉತ್ತರ 9.8. ರೀಡಿಂಗ್ ಒಂದನ್ನೂ ತಿದ್ದಲಿಲ್ಲ. ಆ ಹಾಳೆಯಲ್ಲಿ ಎಕ್ಸ್ ಅಕ್ಷವನ್ನು ಸೊನ್ನೆಯ ಎಡಕ್ಕೆ ಒಂದು ಸೆಂಟಿಮೀಟರ್ ಮುಂದುವರಿಸಿ, ಗೆರೆ ಮುಟ್ಟಿದ ಕಡೆ "ಗುಂಡಿನ ತ್ರಿಜ್ಯ" ಅಂತ ಬಾಣ ಹಾಕಿ ಬರೆದು, ಎರಡನ್ನೂ ಗೋಡೆಗೆ ಹಾಕಿದೆ.